ಸ್ಪ್ಲಿಟ್‌ನಿಂದ ಒಂದು ವಾರ ಹಾಯಿದೋಣಿ: ದಾರಿ, ಕಾಗದಪತ್ರ, ಧಕ್ಕೆಗೆ ಕಟ್ಟುವ ಕ್ರಮ

ಕೊಲಾಬಾ_ಹಾಯಿ (ಮುಂಬಯಿ)
ಇಲ್ಲಿ ಮಳೆಗಾಲಕ್ಕೆ ದೋಣಿಗಳನ್ನೆಲ್ಲ ಮೇಲೆಳೆದಿಟ್ಟ ಹೊತ್ತಿಗೆ ಮೆಡಿಟರೇನಿಯನ್‌ನಲ್ಲಿ ಸೀಸನ್. ಸೆಪ್ಟೆಂಬರ್ ಎರಡನೇ ವಾರ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ 40 ಅಡಿಯ ಹಾಯಿದೋಣಿಯನ್ನು ಸ್ಕಿಪ್ಪರ್ (ದೋಣಿಯ ನಾಯಕ) ಇಲ್ಲದೆ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ. ಆರು ಜನ, ಅದರಲ್ಲಿ ಇಬ್ಬರು ಸಸ್ಯಾಹಾರಿಗಳು. ಏಳು ದಿನದಲ್ಲಿ ಡುಬ್ರೊವ್ನಿಕ್ ಮುಟ್ಟಿ, ಸಾಧ್ಯವಾದರೆ ಮಾಂಟೆನೆಗ್ರೊದ ಕೋಟರ್ ಕೂಡ ನೋಡಿ ವಾಪಸ್ ಬರಬಹುದೇ? ದೋಣಿ ನಡೆಸಲು ಇಲ್ಲಿನ ಸರ್ಟಿಫಿಕೇಟ್ ಸಾಕೇ? ಗೇಟ್‌ವೇ ಎದುರು ಬೋಯಾಕ್ಕೆ (ನೀರಿನಲ್ಲಿ ತೇಲುವ ಬುರುಡೆ) ಕಟ್ಟಿ ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ ದಡಕ್ಕೆ ಬರುವುದಷ್ಟೇ ನಮಗೆ ರೂಢಿ. ಅಲ್ಲಿ ಹಿಂದೆ ಹಿಂದೆ ಹೋಗಿ ಧಕ್ಕೆಗೆ ಕಟ್ಟಬೇಕಂತೆ. ಅದರ ಕ್ರಮ ಏನು?

ಮಾಂಡೋವಿ_ದಂಡೆ (ಪಣಜಿ)
ಡುಬ್ರೊವ್ನಿಕ್ ಕೈಬಿಡಿ ಮಾರಾಯ್ರೆ. ಹೋಗಲಿಕ್ಕೇ ಸುಮಾರು 100 ನಾಟಿಕಲ್ ಮೈಲಿ, ನಿಮ್ಮ ದೋಣಿಯ ವೇಗ ಗಂಟೆಗೆ 5–6. ವಾರದ ಬಾಡಿಗೆ ಅಂದರೂ ಸಿಗುವುದು ಆರೇ ದಿನ: ಶನಿವಾರ ಸಂಜೆ 5ರ ಸುಮಾರಿಗೆ ದೋಣಿ ಕೊಡುತ್ತಾರೆ, ಮುಂದಿನ ಶುಕ್ರವಾರ ಸಂಜೆಯೇ ಮರೀನಾಕ್ಕೆ (ಹಾಯಿದೋಣಿ ನಿಲ್ಲಿಸುವ ಬಂದರು) ಮರಳಬೇಕು, ಶನಿವಾರ ಬೆಳಿಗ್ಗೆ 9ಕ್ಕೆ ಖಾಲಿ ಮಾಡಬೇಕು. ಇನ್ನೊಂದು ತೊಡಕು, ಬೇಸಿಗೆಯ ಗಾಳಿ ವಾಯವ್ಯದ್ದು. ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಹೋದಷ್ಟು ಸುಲಭದಲ್ಲಿ ವಾಪಸ್ ಬರಲಾಗದು.

ಬದಲಿಗೆ ಹೀಗೆ ಸುತ್ತಿ: ಸ್ಪ್ಲಿಟ್‌ನಿಂದ ಬ್ರಾಚ್ ದ್ವೀಪದ ಮಿಲ್ನಾ, ಅಲ್ಲಿಂದ ವಿಸ್ ದ್ವೀಪದ ವಿಸ್ ಪೇಟೆ, ಕೊಮಿಜಾ, ಆಮೇಲೆ ಹ್ವಾರ್ ದ್ವೀಪದ ಹ್ವಾರ್ ಪೇಟೆ, ಸ್ಟಾರಿ ಗ್ರಾಡ್, ಮರಳಿ ಸ್ಪ್ಲಿಟ್. ಯಾವ ದಿನವೂ 25 ಮೈಲಿಯ ಆಸುಪಾಸು ದಾಟುವುದಿಲ್ಲ. ವಿಸ್ ದ್ವೀಪ ಯುಗೊಸ್ಲಾವ್ ಸೇನೆಯ ನೆಲೆಯಾಗಿ 1989ರವರೆಗೆ ವಿದೇಶಿಯರಿಗೆ ಮುಚ್ಚಿತ್ತು, ಹಾಗಾಗಿ ದೊಡ್ಡ ಹೋಟೆಲುಗಳ ಕಾಟ ಇನ್ನೂ ಕಮ್ಮಿ. ಪಕ್ಕದ ಪುಟ್ಟ ದ್ವೀಪ ಬಿಷೆವೊದ ನೀಲಿ ಗುಹೆಗೆ ನಿಮ್ಮ ದೋಣಿ ಒಯ್ಯಲಾಗದು, ಟಿಕೆಟ್ ಪಡೆದು ಅವರದೇ ಸಣ್ಣ ದೋಣಿಯಲ್ಲಿ ಹೋಗಬೇಕು. ಬೆಳಕು ಚೆನ್ನಾಗಿರುವುದು ಬೆಳಿಗ್ಗೆ 11ರಿಂದ 12. ಅಲೆ ಎದ್ದ ದಿನ ಬಿಡುವುದಿಲ್ಲ. ಹ್ವಾರ್ ಪೇಟೆಯ ಧಕ್ಕೆಯಲ್ಲಿ ಟ್ಯಾಕ್ಸಿ ದೋಣಿಗಳ ಅಲೆಗೆ ರಾತ್ರಿಯೆಲ್ಲ ಕುಲುಕಾಟ. ಎದುರಿನ ಪಾಲ್ಮಿಜಾನಾ ಮರೀನಾದಲ್ಲಿ ಕಟ್ಟಿ, ಅದೇ ಟ್ಯಾಕ್ಸಿ ಹಿಡಿದು ಪೇಟೆ ನೋಡಿ ಬನ್ನಿ. ಸ್ಟಾರಿ ಗ್ರಾಡ್ ಮಾತ್ರ ತಪ್ಪಿಸಬೇಡಿ. ಗ್ರೀಕರು ಕ್ರಿ.ಪೂ. 384ರಲ್ಲಿ ಕಟ್ಟಿದ ಊರು. ಅವರು ಕಲ್ಲುಗೋಡೆ ಹಾಕಿ ಹಂಚಿಕೊಂಡ ಹೊಲಗಳಲ್ಲಿ ಇವತ್ತಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬಯಲು ಅದು.

ಖಡಕ್‌ವಾಸ್ಲಾ_42 (ಪುಣೆ)
ಕಾಗದಪತ್ರದ ವಿಷಯ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್‌ಗೂ ಯೂರೊಗೂ ಒಟ್ಟಿಗೇ ಸೇರಿತು, ಆದ್ದರಿಂದ ಷೆಂಗೆನ್ ವೀಸಾ ಬೇಕು. ವಿಮೆ ಕನಿಷ್ಠ 30,000 ಯೂರೊ. ಹೋಟೆಲ್ ಬುಕಿಂಗ್ ಜಾಗದಲ್ಲಿ ದೋಣಿಯ ಬಾಡಿಗೆ ಒಪ್ಪಂದ, ಆರೂ ಜನರ ಹೆಸರಿರುವ ಕ್ರೂ ಲಿಸ್ಟ್ ಲಗತ್ತಿಸಿ. ಮಾಂಟೆನೆಗ್ರೊ ಷೆಂಗೆನ್‌ನ ಹೊರಗೆ. ಸಿಂಗಲ್ ಎಂಟ್ರಿ ವೀಸಾದಲ್ಲಿ ಕೋಟರ್‌ಗೆ ಹೋದರೆ ಸ್ಪ್ಲಿಟ್‌ಗೆ ಮರಳುವ ಹಾದಿಯೇ ಬಂದ್.

ದೋಣಿ ನಡೆಸುವವರ ಬಳಿ ಕ್ರೊಯೇಷಿಯಾದ ಸಾಗರ ಸಚಿವಾಲಯದ ಪಟ್ಟಿಯಲ್ಲಿರುವ ಸರ್ಟಿಫಿಕೇಟ್ ಇರಬೇಕು, ಜೊತೆಗೆ ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊದ ಪರವಾನಗಿ. ಹಲವರು ಎಡವುವುದು ಈ ಎರಡನೆಯದರಲ್ಲಿ. ಮುಂಗಡ ಕಟ್ಟುವ ಮೊದಲೇ ಎರಡರ ಸ್ಕ್ಯಾನ್ ಪ್ರತಿಯನ್ನು ಬಾಡಿಗೆ ಕಂಪನಿಗೆ ಕಳಿಸಿ, "ಇದು ನಡೆಯುತ್ತದೆ" ಎಂದು ಬರಹದಲ್ಲಿ ತರಿಸಿಕೊಳ್ಳಿ. ಫೋನಿನ ಭರವಸೆಗೆ ಬೆಲೆ ಇಲ್ಲ.

ಸುಕ್ಕಾಣಿ (ವಾಶಿ)
ಕಡಲು ಅಲ್ಲಿ ಸೌಮ್ಯ, ನಿಜವಾದ ಪರೀಕ್ಷೆ ದೋಣಿ ನಿಲ್ಲಿಸುವಾಗ. ಮುಂಬಯಿಯಲ್ಲಿ 4 ಮೀಟರ್ ಮೀರುವ ಭರತ–ಇಳಿತದ ಲೆಕ್ಕ ಅಲ್ಲಿ ಬೇಡ. ನೀರು ಏರಿಳಿಯುವುದು ಅರ್ಧ ಮೀಟರೂ ಇಲ್ಲ. ಅದಕ್ಕೇ ಧಕ್ಕೆಗೆ ಬೆನ್ನು ಕೊಟ್ಟು, ಒತ್ತೊತ್ತಾಗಿ ಕಟ್ಟಲು ಸಾಧ್ಯ.

ಒಳಗೆ ಹೋಗುವ ಮೊದಲು: ಎರಡೂ ಪಕ್ಕಕ್ಕೆ ಮೂರು ಮೂರು ಫೆಂಡರ್ (ಉಜ್ಜದಂತೆ ನೇತುಹಾಕುವ ಗಾಳಿದಿಂಬು), ಹಿಂಬದಿಗೆ ಒಂದು. ಹಿಂದಿನ ಎರಡೂ ಹಗ್ಗಗಳನ್ನು ಕ್ಲೀಟ್‌ಗೆ (ಹಗ್ಗ ಬಿಗಿಯುವ ಗೂಟ) ಕಟ್ಟಿ, ದೋಣಿಯಂಚಿನ ಕಂಬಿಯ ಹೊರಗಿಂದ ತಂದು ಸುರುಳಿ ಮಾಡಿಡಿ. ಎಸಿಐ ಎಂಬ ಕಂಪನಿಯ ಮರೀನಾಗಳಾದರೆ ವಿಎಚ್‌ಎಫ್ ಚಾನೆಲ್ 17ರಲ್ಲಿ ಕರೆದು ಜಾಗ ಕೇಳಿ.

ನಾಲ್ಕೈದು ದೋಣಿಯುದ್ದ ದೂರದಿಂದಲೇ ರಿವರ್ಸ್ ಹಾಕಿ. ಶುರುವಿನಲ್ಲಿ ಪ್ರೊಪೆಲ್ಲರ್ ದೋಣಿಯ ಹಿಂಬದಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಸಾಮಾನ್ಯವಾಗಿ ಎಡಕ್ಕೆ. ವೇಗ 2 ನಾಟ್ ಮುಟ್ಟಿದ ಮೇಲೆ ಸುಕ್ಕಾಣಿ ಮಾತು ಕೇಳುತ್ತದೆ. ಹೊಸಬರು ಹೆದರಿ ನಡುವೆ ನಿಲ್ಲಿಸುತ್ತಾರೆ. ನಿಂತ ಕೂಡಲೇ ಅಡ್ಡಗಾಳಿ ದೋಣಿಯ ಮೂತಿಯನ್ನು (ಮುಂತುದಿ) ತಳ್ಳಿ ಪಕ್ಕದ ದೋಣಿಯ ಲಂಗರು ಸರಪಳಿಯ ಮೇಲೆ ಹಾಕುತ್ತದೆ. ತಪ್ಪಿತು ಅನಿಸಿದರೆ ಮುಂದಕ್ಕೆ ಬಂದು ಮತ್ತೆ ಶುರು ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಮೊದಲು ಗಾಳಿ ಬರುವ ಕಡೆಯ ಹಗ್ಗ ಎಸೆಯಿರಿ. ಧಕ್ಕೆಯ ಆಳು ನೀರಿನಿಂದ ತೆಳು ಹಗ್ಗವೊಂದನ್ನು ಎತ್ತಿ ಕೊಡುತ್ತಾನೆ, ಅದೇ ಲೇಜಿ ಲೈನ್. ಕಡಲತಳದ ಕಾಂಕ್ರೀಟ್ ದಿಮ್ಮಿಗೆ ಬಿಗಿದಿರುವ ದಪ್ಪ ಹಗ್ಗ ಅದರ ತುದಿಯಲ್ಲಿದೆ. ಬೋಟ್ ಹುಕ್ಕಿನಲ್ಲಿ (ಕೊಕ್ಕೆ ಕೋಲು) ಹಿಡಿದು, ದೋಣಿಯ ಹೊರಮೈಯ ಉದ್ದಕ್ಕೂ ಮೂತಿಯವರೆಗೆ ನಡೆದು ಎಳೆದು ಕ್ಲೀಟ್‌ಗೆ ಬಿಗಿಯಿರಿ. ಅಷ್ಟು ಹೊತ್ತೂ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ. ಗೇರ್‌ನಲ್ಲಿದ್ದರೆ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಮುಳುಗುಗಾರನ ಬಿಲ್ಲು ನಿಮ್ಮ ಠೇವಣಿಯಿಂದ ಹೋಗುತ್ತದೆ. ಕೈಗವಸು ಬೇಕೇ ಬೇಕು. ಹಗ್ಗಕ್ಕೆ ಅಂಟಿದ ಚಿಪ್ಪು ಅಂಗೈ ಸೀಳುತ್ತದೆ.

ಹಳೆಯ ಧಕ್ಕೆಗಳಲ್ಲಿ ನೀರಿನಡಿ ಕಲ್ಲು ಚಾಚಿಕೊಂಡಿರುತ್ತದೆ, ಸುಕ್ಕಾಣಿ ತಾಗುತ್ತದೆ. ಒಂದೂವರೆ ಮೀಟರ್ ಬಿಟ್ಟೇ ನಿಲ್ಲಿಸಿ, ಹಲಗೆ ಹಾಕಿ ಇಳಿಯಿರಿ.

ಲಂಗರು ಹಾಕುವುದಾದರೆ ತಿಳಿ ಬಣ್ಣ ಕಾಣುವ ಕಡೆ ಹಾಕಿ, ಅದು ಮರಳು. ಕಪ್ಪಗೆ ಕಾಣುವುದು ಪೊಸಿಡೋನಿಯಾ ಎಂಬ ಕಡಲಹುಲ್ಲು, ಅಲ್ಲಿ ಲಂಗರು ಕಚ್ಚುವುದಿಲ್ಲ, ಹುಲ್ಲೂ ಹಾಳು. 5 ಮೀಟರ್ ಆಳಕ್ಕೆ 25 ಮೀಟರ್ ಸರಪಳಿ. ವಿಂಡ್‌ಲಾಸ್ (ಲಂಗರು ಎತ್ತುವ ಯಂತ್ರ) ತಿರುಗಿಸುವಾಗ ಎಂಜಿನ್ ಓಡುತ್ತಿರಲಿ, ಇಲ್ಲದಿದ್ದರೆ ಬ್ಯಾಟರಿ ಕುಸಿಯುತ್ತದೆ.

ಕೊಲಾಬಾ_ಹಾಯಿ
ಅಭ್ಯಾಸಕ್ಕೆ ಇಲ್ಲೇ ಬೋಯಾದ ಸುತ್ತ ರಿವರ್ಸ್‌ನಲ್ಲಿ ಎಂಟರ ಆಕಾರದಲ್ಲಿ ಸುತ್ತು ಹಾಕುತ್ತೇವೆ. ಗಾಳಿ ಕೆಟ್ಟರೆ ಯಾವ ಬಂದರು ನಂಬಬಹುದು?

ಸುಕ್ಕಾಣಿ (ವಾಶಿ)
ಒಳ್ಳೇದು, ಭರತ–ಇಳಿತದ ಸೆಳೆತ ಇಲ್ಲದ ಹೊತ್ತು ನೋಡಿ ಹಾಕಿ. ಗಾಳಿ ಮೂರು ಬಗೆ. ವಾಯವ್ಯದ ಮಾಯೆಸ್ಟ್ರಲ್ ನಮ್ಮ ಮಧ್ಯಾಹ್ನದ ಕಡಲಗಾಳಿಯ ತಮ್ಮ, 11ರ ಮೇಲೆ ಎದ್ದು ಸೂರ್ಯ ಇಳಿದಂತೆ ಮಲಗುತ್ತದೆ. ಯೂಗೊ ಆಗ್ನೇಯದ್ದು, ಮೋಡ ಕವಿಸಿ ಒಂದೆರಡು ದಿನ ತೆಗೆದುಕೊಂಡು ಬಲಿಯುತ್ತದೆ. ತಯಾರಿಗೆ ಪುರುಸೊತ್ತು ಕೊಡುತ್ತದೆ, ಅಲೆ ಮಾತ್ರ ಕೆಟ್ಟದ್ದು. ಬೂರಾ ಈಶಾನ್ಯದ ಬೆಟ್ಟದಿಂದ ಧುಮುಕುವ ತಣ್ಣನೆ ಗಾಳಿ. ಆಕಾಶ ತಿಳಿಯಾಗಿದ್ದರೂ ಬರುತ್ತದೆ. ವಿಸ್ ಪೇಟೆಯ ಕೊಲ್ಲಿ ಬಾಯ್ದೆರೆದಿರುವುದೇ ಈಶಾನ್ಯಕ್ಕೆ, ಬೂರಾ ಮುನ್ಸೂಚನೆ ಇದ್ದರೆ ಅಲ್ಲಿ ರಾತ್ರಿ ಬೇಡ. ಕೊಮಿಜಾ ಪಶ್ಚಿಮಕ್ಕೆ ತೆರೆದದ್ದು. ಮಿಲ್ನಾ ಒಳಸರಿದ ಬಂದರು, ನೆಮ್ಮದಿ. ದಿನಾ ಬೆಳಿಗ್ಗೆ ಕ್ರೊಯೇಷಿಯಾದ ಹವಾಮಾನ ಇಲಾಖೆ ಡಿಎಚ್‌ಎಂಝಡ್‌ನ ಆಡ್ರಿಯಾಟಿಕ್ ಮುನ್ಸೂಚನೆ ಓದಿಯೇ ಹಗ್ಗ ಬಿಚ್ಚಿ, ಮಧ್ಯಾಹ್ನ 3ರೊಳಗೆ ಧಕ್ಕೆ ಸೇರಿ. ತಡವಾದರೆ ಜಾಗ ಇರುವುದಿಲ್ಲ, ಗಾಳಿಯೂ ಆಗಲೇ ಜೋರು.

ಮಾಂಡೋವಿ_ದಂಡೆ (ಪಣಜಿ)
ಊಟದ್ದು ಬಿಟ್ಟುಹೋಯಿತು. ಸ್ಪ್ಲಿಟ್‌ನಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷನ್ ಅರಮನೆಯ ಪೂರ್ವದ ಗೋಡೆಗೆ ಹೊಂದಿಯೇ ಪಜಾರ್ ಎಂಬ ಸಂತೆ, ಸೊಪ್ಪು ತರಕಾರಿ ಹಣ್ಣು ಅಲ್ಲೇ ತುಂಬಿಕೊಳ್ಳಿ. ಹೋಟೆಲಲ್ಲಿ ಸಸ್ಯಾಹಾರಿಗಳಿಗೆ ಬ್ಲಿಟ್ವಾ ಕೇಳಿ: ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಸೋಪಾರ್ನಿಕ್ ಅಂದರೆ ಸೊಪ್ಪು ತುಂಬಿದ ತೆಳು ರೊಟ್ಟಿ. ದೋಣಿಯಲ್ಲಿ ಗ್ಯಾಸ್ ಒಲೆ ಇರುತ್ತದೆ, 3 ಲೀಟರಿನ ಗಿಡ್ಡ ಕುಕ್ಕರ್ ಒಯ್ಯಿರಿ. ಇಂಡಕ್ಷನ್ ಬೇಡ, ಧಕ್ಕೆಯ ಕರೆಂಟ್ ಬಿಟ್ಟರೆ ಬ್ಯಾಟರಿಯ 12 ವೋಲ್ಟ್ ಅಷ್ಟೇ. ಮತ್ತೆ, ಶುಕ್ರವಾರ ಮಧ್ಯಾಹ್ನ ಸ್ಪ್ಲಿಟ್‌ನ ಡೀಸೆಲ್ ಪಂಪಿನೆದುರು ದೋಣಿಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಬೆಳಿಗ್ಗೆ ಬೇಗ ಸ್ಟಾರಿ ಗ್ರಾಡ್ ಬಿಡಿ.