ಹಂಡೆ ತುಂಬ ನೀರು, ಕೇಳುವವರಿಲ್ಲ

ಹೆಂಚಿನಮನೆ (ತೀರ್ಥಹಳ್ಳಿ): ಒಬ್ಬನೇ ಇರುವುದರಲ್ಲಿ ಏನು ಸುಖ ಅಂತ ಎಲ್ಲರೂ ಕೇಳುತ್ತಾರೆ. ಕೇಳಿ. ಹೊರಗೆ ಜಡಿಮಳೆ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ, ನೀರು ಕಾಯುವವರೆಗೆ ಅಲ್ಲೇ ಮಣೆ ಹಾಕಿ ಕೂರುತ್ತೇನೆ. ಆಮೇಲೆ ಇಡೀ ಹಂಡೆ ನನ್ನದು. ಬಾಗಿಲು ಬಡಿಯುವವರಿಲ್ಲ. ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ. ಅದಕ್ಕೆ ಎರಡೆಸಳು ಬೆಳ್ಳುಳ್ಳಿ ಹಾಕಿದರೂ ಯಾರೂ ಮುಖ ಸಿಂಡರಿಸುವುದಿಲ್ಲ.

ವಿನೋಬನಗರದ ಅಕ್ಕ: ಜ್ವರ ಬರುವವರೆಗೆ ಸುಖ ತಮ್ಮಾ. ಮಂಗನ ಕಾಯಿಲೆಯ ಊರು ನಮ್ಮದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾಗಿದ್ದು. ಇನ್ನು, ಜನರ ಒಡನಾಟ ಇಲ್ಲದಿದ್ದರೆ ದಿನಕ್ಕೆ 15 ಸಿಗರೇಟು ಸೇದಿದಷ್ಟು ಆಯುಸ್ಸಿಗೆ ಕೆಟ್ಟದ್ದು ಅಂತ 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ದೊಡ್ಡ ಡಾಕ್ಟರು) ವರದಿಯೇ ಹೇಳಿದೆ.

ಹೆಂಚಿನಮನೆ: ಅದೇ ವರದಿ, ಇಷ್ಟಪಟ್ಟು ಒಬ್ಬರೇ ಇರುವುದು ಬೇರೆ ಅಂತಲೂ ಹೇಳಿದೆ. ಆ ಪುಟ ಓದಲಿಲ್ವಾ?

ಹೊಸನಗರ ಭಟ್ರು: ಸಿಗರೇಟು ಆಮೇಲೆ. ಒಂದೆಲಗದ ತಂಬುಳಿಗೆ ಬೆಳ್ಳುಳ್ಳಿಯಾ? ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪು ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕದಡಿದರೆ ಮುಗೀತು. ನೀವು ಮಾಡಿದ್ದು ನೀರು ಚಟ್ನಿ.

ಸಾಗರದವಳು: ಬೆಳ್ಳುಳ್ಳಿ ತಂಬುಳಿ ಅಂತಲೇ ಒಂದಿದೆ ಭಟ್ರೇ. ನಮ್ಮಜ್ಜಿ ಬಾಣಂತಿಯರಿಗೆ ಮಾಡುತ್ತಿದ್ದರು. ಮತ್ತೆ ಹೆಂಚಿನಮನೆಯವರೇ, ನೀವು ಗಂಡಸರು, ಸಲೀಸು. ಒಬ್ಬಳೇ ಅಂದರೆ ಶಿವಮೊಗ್ಗದಲ್ಲಿ ಬಾಡಿಗೆಗೆ ಮನೆಯೇ ಕೊಡಲ್ಲ. ಗೋಪಾಳದಲ್ಲಿ ಏಳು ಮನೆ ನೋಡಿದೆ. ಏಳರಲ್ಲೂ "ಯಜಮಾನರು ಎಲ್ಲಿ?"

ಹೊಸನಗರ ಭಟ್ರು: ಬಾಣಂತಿಗೆ ಮಾಡುವುದು ಮದ್ದು. ಇವರೇನು ಬಾಣಂತಿಯಾ?

ಸಾಗರದವಳು: ಮದ್ದು ಅಂದಿರಿ. ಒಂದೆಲಗ ಮತ್ತೇನು? ತಲೆ ತಂಪಾಗಲಿ ಅಂತ ತಿನ್ನೋದಲ್ವಾ? ನಿಮಗೇ ಮೊದಲು ಬೇಕು.

ಹೊಸನಗರ ಭಟ್ರು: ನನ್ನ ತಲೆ ಸುದ್ದಿಗೆ ಬರಬೇಡಿ! 30 ವರ್ಷ ಮದುವೆ ಮನೆಗಳಲ್ಲಿ ಸೌಟು ಹಿಡಿದವನು ನಾನು.

ಕೊಪ್ಪದ ಮಾಣಿ: ಮದುವೆ ಮನೆ ತಂಬುಳಿನಾ? ಎಲೆಯಿಂದ ಮಡಿಲಿಗೇ ಹರಿಯುತ್ತೆ. 😄

ಹೊಸನಗರ ಭಟ್ರು: ಅನ್ನಕ್ಕೆ ಗುಂಡಿ ತೋಡದೆ ಬಡಿಸಿಕೊಂಡರೆ ಹರಿಯದೆ ಏನಾಗುತ್ತೆ? ಊಟ ಮಾಡೋದು ಕಲಿ ಮೊದಲು.

ವಿನೋಬನಗರದ ಅಕ್ಕ: ತಂಬುಳಿ ಸಾಕು ಮಾರಾಯ್ರೇ. ನಾನು ಕೇಳಿದ್ದು ಜ್ವರದ ವಿಷಯ. ಕರೆಂಟಿಲ್ಲ, ಸಿಗ್ನಲ್ಲಿಲ್ಲ, ಗಂಜಿ ಕಾಸುವವರು ಯಾರು?

ಹೆಂಚಿನಮನೆ: ಹೋದ ಆಷಾಢದಲ್ಲಿ ಮಲಗಿದ್ದೆ. ಎರಡು ದಿನ ನಮ್ಮ ಬಚ್ಚಲಿನ ಹೊಗೆ ಕಾಣಲಿಲ್ಲ ಅಂತ ಪಕ್ಕದ ಮನೆಯ ಅಮ್ಮ ಕಂಬಳಿಕೊಪ್ಪೆ ಹೊದ್ದು ಬಂದರು. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಹೋದರು.

ವಿನೋಬನಗರದ ಅಕ್ಕ: ಸಿಕ್ಕಿಬಿದ್ದೆ! ಹಾಗಾದರೆ ನೀನು ಒಬ್ಬನೇ ಅಲ್ಲ.

ಹೆಂಚಿನಮನೆ: ಕೊಟ್ಟು "ಹೋದರು" ಅಂದೆ ಅಕ್ಕಾ. ನಮ್ಮ ಮನೆಯವರಾಗಿದ್ದರೆ ಮಂಚದ ಪಕ್ಕ ಕೂತು, ಮಳೆಯಲ್ಲಿ ಯಾಕೆ ನೆನೆದೆ ಅಂತ ವಾರವಿಡೀ ಬೈಯುತ್ತಿದ್ದರು.

ಹೊಸನಗರ ಭಟ್ರು: ಆ ಮಿಡಿಗಾದರೂ ಬೆಳ್ಳುಳ್ಳಿ ಹಾಕಿರಲಿಲ್ಲ ತಾನೇ?