ಸಹಾಯ ಬೇಕು: ಗುಲ್‌ಮೊಹರ್ ಮರ ತೆಗೆಸೋದಕ್ಕೆ ಎಷ್ಟು ಆಗಬಹುದು? (ಮೈಸೂರು, ಕುವೆಂಪುನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಂಪೌಂಡ್ ಒಳಗೆ ಹಳೇ ಗುಲ್‌ಮೊಹರ್ ಮರ ಇದೆ. ಎರಡಂತಸ್ತಿನ ಎತ್ತರ. ಬೇರು ಮೇಲಕ್ಕೇ ಹರಡಿ ಗೋಡೆ ಸೀಳಿದೆ, ಸಂಪಿನ ಕಡೆಗೂ ಹೊರಟಿದೆ. ಈ ಜಾತಿಯ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ ಅಲ್ವಾ, ಒಂದು ಭಾಗ ಕರೆಂಟ್ ತಂತಿಯ ಮೇಲೇ ಬಾಗಿದೆ.

ಇಬ್ಬರನ್ನು ಕರೆಸಿ ಕೇಳಿದೆ. ಒಬ್ಬರು 18,000 ಅಂದರು, ಬುಡ ಅಗೆದು ತೆಗೆಯೋದಕ್ಕೆ ಬೇರೆ ದುಡ್ಡು. ಇನ್ನೊಬ್ಬರು 9,000, ಆದರೆ ಸೌದೆ ಅವರಿಗೇ. ಗುಲ್‌ಮೊಹರ್ ಸೌದೆಗೆ ಅಷ್ಟು ಬೆಲೆ ಇದೆಯಾ? ನನಗೇನೋ ಅನುಮಾನ. ಅವರು "ಪರ್ಮಿಷನ್ ಎಲ್ಲ ಯಾಕೆ ಸಾರ್, ಭಾನುವಾರ ಬೆಳಿಗ್ಗೆ ಮುಗಿಸಿಬಿಡೋಣ" ಅಂದಿದ್ದೂ ಇಷ್ಟವಾಗಲಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್ ತರಹದವಕ್ಕೆ ಮಾತ್ರ ವಿನಾಯಿತಿ.

ಇತ್ತೀಚೆಗೆ ಅನುಮತಿ ತೆಗೆದುಕೊಂಡವರು ಯಾರಾದರೂ ಇದ್ದೀರಾ? ಅರ್ಜಿ ಜೊತೆ ಏನೇನು ಕೊಟ್ಟಿರಿ, ಸ್ಥಳ ನೋಡೋಕೆ ಎಷ್ಟು ದಿನಕ್ಕೆ ಬಂದರು? ಕಡಿಯುವ ದಿನ ಲೈನ್ ಆಫ್ ಮಾಡಿಸೋದಕ್ಕೆ ಚೆಸ್ಕಾಂನಲ್ಲಿ ಯಾರನ್ನು ಕಾಣಬೇಕು?

ಅಮ್ಮನಿಗೆ ಕಡಿಸೋದು ಸುತರಾಂ ಇಷ್ಟವಿಲ್ಲ. ಮೇ ತಿಂಗಳ ಹೂವಿನ ಮುಂದೆ ನನ್ನ ಗೋಡೆ ಲೆಕ್ಕಕ್ಕಿಲ್ಲ. ಅರ್ಧಕ್ಕೆ ಸವರಿಸಿ, ಗೋಡೆ ಕಡೆಯ ಬೇರು ಮಾತ್ರ ಕಡಿಸಿದರೆ ಮರ ನಿಲ್ಲುತ್ತದಾ, ಇಲ್ಲ ಆಮೇಲೆ ಗಾಳಿಗೆ ಮನೆ ಮೇಲೇ ಬೀಳುತ್ತದಾ? ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸುವ ಅನುಭವಿಗಳು ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಮಳೆಗಾಲಕ್ಕೆ ಮುಂಚೆ ಆಗಬೇಕು.