ಅಪ್‌ಡೇಟ್: ಡಬ್ಲಿಂಗ್ ಮ್ಯಾಪ್ ಸೊನ್ನೆಗೆ ಬೀಳೋದು ನಿಂತಿತು
ಡಬ್ಲಿಂಗ್ ಮ್ಯಾಪ್ ಅಂದರೆ 0 ಮತ್ತು 1ರ ನಡುವಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಪೂರ್ಣಾಂಕ ಬಿಟ್ಟು ದಶಮಾಂಶ ಭಾಗ ಮಾತ್ರ ಇಟ್ಟುಕೊಳ್ಳೋದು (x → 2x ಮಾಡ್ 1). ಇದನ್ನು ಕಂಪ್ಯೂಟರ್‌ನಲ್ಲಿ ಮತ್ತೆ ಮತ್ತೆ ಓಡಿಸಿದರೆ ಐವತ್ತು ಚಿಲ್ಲರೆ ಹೆಜ್ಜೆಯಲ್ಲಿ ಎಲ್ಲಾ ಸೊನ್ನೆ ಆಗುತ್ತೆ, ಹಿಸ್ಟೋಗ್ರಾಂ (ಯಾವ ಬೆಲೆ ಎಷ್ಟು ಸಲ ಬಂತು ಅನ್ನೋ ಚಿತ್ರ) ಬರಲ್ಲ, ಏನು ಮಾಡಲಿ ಅಂತ ಹಿಂದೆ ಪ್ರಶ್ನೆ ಕೇಳಿದ್ದೆ. ಆರಂಭದ ಬೆಲೆ ಬದಲಿಸಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. 200 ಬಿಟ್ (0 ಅಥವಾ 1 ಅನ್ನೋ ಅಂಕಿ) ನಿಖರತೆ ಕೊಟ್ಟರೆ ಅದೇ ಕುಸಿತ ಸುಮಾರು 200ನೇ ಹೆಜ್ಜೆಗೆ ಮುಂದೂಡುತ್ತೆ, ಅಷ್ಟೇ. ಪ್ರತಿ ಸಲ ಎರಡರಿಂದ ಗುಣಿಸಿದಾಗ ಒಂದು ಬಿಟ್ ಎಡಕ್ಕೆ ಸರಿದು ಹೋಗುತ್ತೆ. ಕಂಪ್ಯೂಟರ್ ಸಾಮಾನ್ಯವಾಗಿ ಸಂಖ್ಯೆ ಇಡೋ ಡಬಲ್ ಪ್ರಿಸಿಷನ್‌ನಲ್ಲಿ ಇರೋದೇ 53 ಬಿಟ್.

ಕೆಲಸ ಮಾಡಿದ್ದು: ಪ್ರತಿ ಹೆಜ್ಜೆಗೂ 10⁻¹² ಗಾತ್ರದ ರ್‍ಯಾಂಡಮ್ ನಾಯ್ಸ್ (ಮನಬಂದಂತೆ ಬರೋ ಪುಟ್ಟ ಸಂಖ್ಯೆ) ಕೂಡಿಸಿ, ಆಮೇಲೆ ಮಾಡ್ 1. ಹಿಸ್ಟೋಗ್ರಾಂ ಸಪಾಟು, ಸರಾಸರಿ 0.5ರ ಸುತ್ತ. ಈ ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್! ನಾಯ್ಸ್ 10⁻¹⁷ಕ್ಕೆ ಇಳಿಸಬೇಡಿ, ರೌಂಡಿಂಗ್‌ನಲ್ಲೇ ಮಾಯವಾಗಿ ಸೊನ್ನೆ ಹತ್ತಿರ ದಿಣ್ಣೆ ಏಳುತ್ತೆ.

ಆದರೆ ನಾಯ್ಸ್ ಎಲ್ಲಾ ಕಡೆ ಇಷ್ಟು ಸಾಧು ಅಲ್ಲ. ಲಾಜಿಸ್ಟಿಕ್ ಮ್ಯಾಪ್‌ನಲ್ಲಿ (x → r·x(1−x)) r = 3.83 ಇಟ್ಟರೆ ಸ್ಥಿರವಾದ ಮೂರರ ಚಕ್ರ ಇದೆ, ಅಂದರೆ ಅದೇ ಮೂರು ಬೆಲೆ ಮತ್ತೆ ಮತ್ತೆ ಬರುತ್ತೆ. 10⁻⁶ ನಾಯ್ಸ್‌ಗೆ ಅದು ಜಗ್ಗಲಿಲ್ಲ. 0.002 ಕೊಟ್ಟಾಗ ಕಕ್ಷೆ (ಒಂದಾದ ಮೇಲೊಂದು ಬರೋ ಬೆಲೆಗಳ ಸಾಲು) ಮತ್ತೆ ಮತ್ತೆ ಚಕ್ರದಿಂದ ಜಾರಿ 0.15ರಿಂದ 0.96ರವರೆಗೆ ಹರಡಿತು. ಪಕ್ಕದಲ್ಲೇ ಅಸ್ಥಿರ ಮೂರರ ಚಕ್ರವೂ ಇರೋದರಿಂದ ಕಕ್ಷೆಯನ್ನು ಅದರಾಚೆ ದಾಟಿಸೋಕೆ ಇಷ್ಟೇ ತಳ್ಳಿದರೆ ಸಾಕು.